ಒಂದೇ ಕಂಪ್ಯೂಟರ್, ನೂರು ಜನ: ಯಾರ ಪಾಲು ಎಷ್ಟು?

ರಾತ್ರಿ ಒಂದು ಪ್ರೋಗ್ರಾಂ ಓಡಲು ಬಿಟ್ಟು ಮಲಗುತ್ತೀರಿ. ದೊಡ್ಡ ಸರ್ವರ್, ಬೆಳಗಾಗುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ ಎಂಬ ನಂಬಿಕೆ. ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಒಂದೇ ಒಂದು ಪದ: ‘ಕಿಲ್ಡ್’. ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಒಂದು ಸುಳಿವೂ ಇಲ್ಲ. ಇನ್ನೊಂದು ದಿನ ಫೈಲ್ ಸೇವ್ ಮಾಡಲು ಹೋದರೆ ‘ಡಿಸ್ಕ್ ಕೋಟಾ ಎಕ್ಸೀಡೆಡ್’ ಎನ್ನುತ್ತದೆ. ಆದರೆ ಡಿಸ್ಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇದೆ!

ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗೆ ಮೊದಲ ಸಲ ಬಂದವರಿಗೆ ಇದು ಗಾಬರಿಯ ಅನುಭವ. ಜೀವಶಾಸ್ತ್ರ, ಭಾಷೆ, ಹವಾಮಾನ ಓದುವವರಿಗೂ ಈಗ ದೊಡ್ಡ ಲೆಕ್ಕ ಮಾಡುವ ಯಂತ್ರ ಬೇಕಾಗುತ್ತದೆ. ಅಂಥ ಯಂತ್ರ ದುಬಾರಿ. ಒಬ್ಬೊಬ್ಬರಿಗೆ ಒಂದೊಂದು ಕೊಡಲು ಆಗುವುದಿಲ್ಲ. ಹಾಗಾಗಿ ಒಂದೇ ಸರ್ವರ್‌ನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಅಕೌಂಟ್ ಇರುತ್ತವೆ. ಒಬ್ಬೊಬ್ಬರ ಅಕೌಂಟ್‌ಗೂ ‘ಇಷ್ಟೇ ಬಳಸಬಹುದು’ ಎಂದು ಗೆರೆ ಹಾಕಿಡುತ್ತಾರೆ. ಆ ಗೆರೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದೇ ಇಲ್ಲಿನ ವಿಷಯ. ವಿವರಗಳು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಸಂಬಂಧಿಸಿದವು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಯಾವ ಮಿತಿ ಎದುರಾದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಎಣಿಸುತ್ತಿರುವುದು ಯಾವುದನ್ನು? ಒಂದು ಪ್ರೋಗ್ರಾಂ ಅನ್ನೋ, ಒಬ್ಬ ವ್ಯಕ್ತಿಯನ್ನೋ, ಎಲ್ಲರನ್ನೂ ಸೇರಿಸಿಯೋ? ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದರಿಂದಲೇ ಆಗುತ್ತವೆ.

ಪಾಸ್‌ವರ್ಡ್‌ನ ಜೊತೆಗೇ ಬಂದ ಕಷ್ಟ

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿದರು. ಅಲ್ಲಿಯವರೆಗೆ ಕಂಪ್ಯೂಟರ್ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಿತ್ತು. ಉಳಿದವರು ಸರದಿಗೆ ಕಾಯಬೇಕಿತ್ತು. ಸಿಟಿಎಸ್‌ಎಸ್ ಹೀಗೆ ಮಾಡಲಿಲ್ಲ. ಒಬ್ಬರ ಕೆಲಸ ಸ್ವಲ್ಪ ಹೊತ್ತು, ಇನ್ನೊಬ್ಬರದ್ದು ಸ್ವಲ್ಪ ಹೊತ್ತು ಎಂದು ಬೇಗ ಬೇಗ ಬದಲಾಯಿಸುತ್ತಿತ್ತು. ಹೀಗಾಗಿ ಯಂತ್ರವಿಡೀ ತನ್ನದೇ ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತಿತ್ತು.

ಆದರೆ ಯಂತ್ರದ ಸಮಯ ಬಹಳ ಕಡಿಮೆ. ಹಾಗಾಗಿ ಬಳಕೆದಾರರಿಗೆ ಇಂತಿಷ್ಟು ಹೊತ್ತು ಎಂದು ಹಂಚಿಕೆ ಇತ್ತು. ಪಾಸ್‌ವರ್ಡ್ ಬಂದದ್ದೂ ಈ ವ್ಯವಸ್ಥೆಯಲ್ಲೇ. ಯಾರ ಪಾಲು ಯಾರು ಬಳಸಿದರು ಎಂದು ಲೆಕ್ಕ ಇಡಬೇಕಿದ್ದರೆ ಬಂದವರು ಯಾರು ಎಂದು ಗೊತ್ತಾಗಬೇಕಲ್ವಾ? ಅಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ ನಾಲ್ಕು ಗಂಟೆ ಸಿಗುತ್ತಿತ್ತು. ಅವರ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಪಾಸ್‌ವರ್ಡ್‌ಗಳಿದ್ದ ಫೈಲನ್ನೇ ಪ್ರಿಂಟ್ ತೆಗೆಸಿ, ಬೇರೆಯವರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮುಂದುವರಿಸಿದರು. ಇದನ್ನು ಬಹಳ ವರ್ಷಗಳ ನಂತರ ಅವರೇ ಹೇಳಿಕೊಂಡಿದ್ದಾರೆ. ಮಿತಿ ಕೆಲಸಕ್ಕೆ ತಕ್ಕಂತೆ ಇಲ್ಲದಿದ್ದರೆ ಜನ ಅಡ್ಡದಾರಿ ಹುಡುಕುತ್ತಾರೆ ಎಂಬುದು ಆಗಲೇ ಗೊತ್ತಾಗಿತ್ತು.

ಹರಿಯುವುದು, ಹಿಡಿದಿಡುವುದು, ಉಳಿದುಬಿಡುವುದು

ಕಂಪ್ಯೂಟರ್‌ನಲ್ಲಿ ಹಂಚಿಕೊಳ್ಳುವ ವಸ್ತುಗಳು ಮುಖ್ಯವಾಗಿ ಮೂರು: ಪ್ರೊಸೆಸರ್, ಮೆಮೊರಿ, ಡಿಸ್ಕ್. ಮೂರರ ಗುಣವೂ ಬೇರೆ. ಆದ್ದರಿಂದ ಮೂರಕ್ಕೂ ಒಂದೇ ತರಹದ ಮಿತಿ ಹೊಂದುವುದಿಲ್ಲ.

ಪ್ರೊಸೆಸರ್ ಸಮಯ ಹರಿಯುವ ನೀರಿನ ಹಾಗೆ. ಈ ಕ್ಷಣ ಯಾರೂ ಬಳಸದಿದ್ದರೆ ಅದು ಹೋಯಿತು, ಕೂಡಿಡಲು ಆಗುವುದಿಲ್ಲ. ಇಬ್ಬರಿಗೆ ಒಟ್ಟಿಗೆ ಬೇಕಾದರೆ ಇಬ್ಬರ ಕೆಲಸವೂ ನಿಧಾನವಾಗುತ್ತದೆ, ಅಷ್ಟೆ. ಯಾರದ್ದೂ ನಿಂತುಹೋಗುವುದಿಲ್ಲ.

ಮೆಮೊರಿ ಹಾಗಲ್ಲ. ಒಂದು ಪ್ರೋಗ್ರಾಂ ತನ್ನ ಲೆಕ್ಕವನ್ನು ಮೆಮೊರಿಯಲ್ಲಿ ಬರೆದಿಟ್ಟರೆ ಅದನ್ನು ಮಧ್ಯದಲ್ಲಿ ಕಿತ್ತು ಇನ್ನೊಬ್ಬರಿಗೆ ಕೊಡುವುದು ಸುಲಭವಲ್ಲ. ಸ್ವಲ್ಪ ಭಾಗವನ್ನು ಡಿಸ್ಕ್‌ಗೆ ಸರಿಸಬಹುದು. ಆದರೆ ಆಗ ಎಲ್ಲವೂ ಆಮೆಗತಿಗೆ ಬರುತ್ತದೆ. ಅದಕ್ಕೂ ಜಾಗ ಇಲ್ಲದಾಗ ಲಿನಕ್ಸ್ ಯಾವುದೋ ಒಂದು ಪ್ರೋಗ್ರಾಂ ಅನ್ನು ಆರಿಸಿ ನಿಲ್ಲಿಸಿಬಿಡುತ್ತದೆ. ‘ಕಿಲ್ಡ್’ ಎಂಬ ಪದ ಸಾಮಾನ್ಯವಾಗಿ ಬರುವುದು ಇಲ್ಲಿಂದ. ಹೆಚ್ಚು ಮೆಮೊರಿ ಹಿಡಿದಿರುವುದೇ ಮೊದಲು ಬಲಿಯಾಗುವ ಸಾಧ್ಯತೆ ಜಾಸ್ತಿ. ಅದು ತಪ್ಪು ಮಾಡಿದವರದ್ದೇ ಆಗಿರಬೇಕೆಂದಿಲ್ಲ. ಮೂರು ದಿನದಿಂದ ಸರಿಯಾಗಿ ಓಡುತ್ತಿದ್ದ ನಿಮ್ಮ ಲೆಕ್ಕ, ಇನ್ನಾರದೋ ಎಡವಟ್ಟಿನಿಂದ ಹಾಳಾಗಬಹುದು.

ಡಿಸ್ಕ್‌ನದ್ದು ಮತ್ತೊಂದು ಕಥೆ. ಪ್ರೋಗ್ರಾಂ ಮುಗಿದರೂ, ನೀವು ಲಾಗ್ ಔಟ್ ಆಗಿ ಮನೆಗೆ ಹೋದರೂ, ಕೋರ್ಸ್ ಮುಗಿಸಿ ಊರು ಬಿಟ್ಟರೂ ಫೈಲ್ ಅಲ್ಲೇ ಇರುತ್ತದೆ. ಅಲ್ಲಿ ಜಾಗ ಒಂದೇ ದಿನದಲ್ಲಿ ಮುಗಿಯುವುದು ಕಡಿಮೆ. ಎಲ್ಲರ ‘ಇರಲಿ, ಆಮೇಲೆ ನೋಡೋಣ’ ಸೇರಿ ನಿಧಾನವಾಗಿ ತುಂಬುತ್ತದೆ.

ಒಂದು ಸಣ್ಣ ತಪ್ಪು, ನಿಂತುಹೋದ ಯಂತ್ರ

ಓಡುತ್ತಿರುವ ಒಂದು ಪ್ರೋಗ್ರಾಂಗೆ ‘ಪ್ರೊಸೆಸ್’ ಎನ್ನುತ್ತಾರೆ. ಒಂದು ಪ್ರೊಸೆಸ್ ಬೇಕೆಂದಾಗ ಮರಿ ಪ್ರೊಸೆಸ್‌ಗಳನ್ನು ಹುಟ್ಟಿಸಬಹುದು. ಇದು ದಿನವೂ ನಡೆಯುವ ಮಾಮೂಲಿ ಕೆಲಸ. ಆದರೆ ಒಬ್ಬರು ಬರೆದ ಸ್ಕ್ರಿಪ್ಟ್ ತಪ್ಪಿ ತನ್ನನ್ನೇ ಎರಡು ಸಲ ಕರೆಯಿತು ಎಂದುಕೊಳ್ಳಿ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹತ್ತು ಸುತ್ತಿಗೆ 1,024. ಇಪ್ಪತ್ತು ಸುತ್ತಾದರೆ ಹತ್ತು ಲಕ್ಷ ದಾಟುತ್ತದೆ. ಇದಕ್ಕೆ ‘ಫೋರ್ಕ್ ಬಾಂಬ್’ ಎಂಬ ಹೆಸರೇ ಇದೆ.

ಇದರಲ್ಲಿ ನಿಜವಾಗಿ ಕಷ್ಟ ಅನುಭವಿಸುವುದು ಅಡ್ಮಿನ್. ಯಂತ್ರವನ್ನು ಸರಿಪಡಿಸಲು ಲಾಗಿನ್ ಆಗಬೇಕು. ಲಾಗಿನ್ ಆಗಲು ಹೊಸ ಪ್ರೊಸೆಸ್ ಬೇಕು. ಅದಕ್ಕೇ ಜಾಗವಿಲ್ಲ! ಕೊನೆಗೆ ಪವರ್ ಬಟನ್ ಒತ್ತಿ ಯಂತ್ರವನ್ನೇ ಆರಿಸಬೇಕಾಗುತ್ತದೆ. ಆಗ ಎಲ್ಲರ ಕೆಲಸವೂ ಹೋಗುತ್ತದೆ. ಒಬ್ಬ ಕಲಿಯುವ ಹುಡುಗಿಯ ಒಂದು ಸಾಲಿನ ತಪ್ಪಿಗೆ ಇಷ್ಟು ದೊಡ್ಡ ಬೆಲೆ ಬೀಳಬಾರದು. ಅವಳು ನಿಶ್ಚಿಂತೆಯಿಂದ ತಪ್ಪು ಮಾಡಿ ಕಲಿಯುವಂತೆ ಇರಬೇಕು. ಮಿತಿ ಬೇಕಾಗಿರುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ನಲ್ಲಿಗೆ ಹಾಕುವ ಮಿತಿ

ಒಂದು ಕಟ್ಟಡ, ಹಲವು ಮನೆ, ಮೇಲೆ ಒಂದೇ ನೀರಿನ ಟ್ಯಾಂಕ್ ಎಂದು ಊಹಿಸಿಕೊಳ್ಳಿ. ಟ್ಯಾಂಕ್ ಬೇಗ ಬರಿದಾಗುತ್ತಿದೆ. ಪ್ರತಿ ನಲ್ಲಿಯಲ್ಲೂ ನಿಮಿಷಕ್ಕೆ ಇಷ್ಟೇ ನೀರು ಬರಲಿ ಎಂದು ಬಿಗಿ ಮಾಡಿದರು. ಆದರೆ ಒಬ್ಬರು ತಮ್ಮ ಮನೆಯಲ್ಲಿ ಇಪ್ಪತ್ತು ನಲ್ಲಿ ಹಾಕಿಸಿಕೊಂಡರೆ?

ಲಿನಕ್ಸ್‌ನ ಹಳೆಯ ಬಗೆಯ ಮಿತಿಗಳು ಹೆಚ್ಚಾಗಿ ಹೀಗೇ ನಲ್ಲಿಗೆ ಹಾಕಿದವು. ಇವುಗಳ ಮೂಲ 1983ರ ಬಿಎಸ್‌ಡಿ ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿದೆ. ‘ಯುಲಿಮಿಟ್’ ಎಂಬ ಕಮಾಂಡ್‌ಗೆ ‘ಎ’ ಆಯ್ಕೆ ಸೇರಿಸಿ ಕೊಟ್ಟರೆ ನಿಮಗಿರುವ ಮಿತಿಗಳ ಇಡೀ ಪಟ್ಟಿ ಬರುತ್ತದೆ. ಎಷ್ಟು ಫೈಲ್ ತೆರೆದಿಡಬಹುದು, ಒಂದು ಫೈಲ್ ಎಷ್ಟು ದೊಡ್ಡದಾಗಬಹುದು, ಪ್ರೊಸೆಸರ್ ಎಷ್ಟು ಸೆಕೆಂಡ್ ಸಿಗುತ್ತದೆ, ಹೀಗೆ. ಇವುಗಳಲ್ಲಿ ಬಹುಪಾಲು ಒಂದೊಂದು ಪ್ರೊಸೆಸ್‌ಗೆ ಬೇರೆ ಬೇರೆಯಾಗಿ ಅನ್ವಯಿಸುತ್ತವೆ. ಮೆಮೊರಿಗೆ 2 ಜಿಬಿ ಮಿತಿ ಹಾಕಿದ್ದರೆ ಒಂದು ಪ್ರೊಸೆಸ್ 2 ಜಿಬಿ ದಾಟುವಂತಿಲ್ಲ. ಆದರೆ ಅದೇ ವ್ಯಕ್ತಿ ಐವತ್ತು ಪ್ರೊಸೆಸ್ ಓಡಿಸಿದರೆ 100 ಜಿಬಿವರೆಗೂ ಹೋಗಬಹುದು. ‘ಒಬ್ಬರಿಗೆ 2 ಜಿಬಿ ಎಂದು ಹಾಕಿದ್ದೆವಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರು ಹಾಕಿದ್ದು ನಲ್ಲಿಗೆ, ಮನೆಗಲ್ಲ.

ಇದಕ್ಕೊಂದು ಮುಖ್ಯ ಅಪವಾದ ‘ಎನ್‌ಪ್ರಾಕ್’. ಒಬ್ಬ ಬಳಕೆದಾರ ಒಟ್ಟು ಎಷ್ಟು ಪ್ರೊಸೆಸ್ ಇಟ್ಟುಕೊಳ್ಳಬಹುದು ಎಂಬ ಮಿತಿ ಇದು. ಎಷ್ಟು ಕಡೆಯಿಂದ ಲಾಗಿನ್ ಆಗಿದ್ದರೂ ಎಲ್ಲವನ್ನೂ ಕೂಡಿಸಿ ಎಣಿಸುತ್ತದೆ. ಫೋರ್ಕ್ ಬಾಂಬ್ ತಡೆಯುವುದು ಇದೇ. ಒಂದು ಎಚ್ಚರಿಕೆ: ಲಿನಕ್ಸ್ ಇಲ್ಲಿ ಥ್ರೆಡ್‌ಗಳನ್ನೂ ಎಣಿಸುತ್ತದೆ. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆ. ಈಗಿನ ಪ್ರೋಗ್ರಾಂಗಳು ಹತ್ತಾರು ಥ್ರೆಡ್ ಹುಟ್ಟಿಸುತ್ತವೆ. ಹಾಗಾಗಿ 50 ಎಂದು ಬಿಗಿಯಾಗಿ ಇಟ್ಟರೆ ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಸಿಕ್ಕಿಬೀಳುತ್ತಾರೆ. ಕೆಲವು ನೂರು ಇಟ್ಟರೂ ಬಾಂಬ್ ನಿಲ್ಲುತ್ತದೆ, ಕೆಲಸವೂ ನಡೆಯುತ್ತದೆ.

ಪ್ರತಿ ಮಿತಿಗೂ ಎರಡು ಅಂಕಿ ಇರುತ್ತವೆ. ಒಂದು ‘ಸಾಫ್ಟ್’, ಇನ್ನೊಂದು ‘ಹಾರ್ಡ್’. ಈಗ ಜಾರಿಯಲ್ಲಿರುವುದು ಸಾಫ್ಟ್ ಮಿತಿ. ಬೇಕಾದರೆ ಬಳಕೆದಾರರೇ ಅದನ್ನು ಹಾರ್ಡ್ ಮಿತಿಯವರೆಗೆ ಏರಿಸಿಕೊಳ್ಳಬಹುದು. ಹಾರ್ಡ್ ಮಿತಿಯನ್ನು ಏರಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ. ನಾವು ಅದನ್ನು ಇಳಿಸಿಕೊಳ್ಳಬಹುದು. ಆದರೆ ಒಮ್ಮೆ ಇಳಿಸಿದರೆ ಆ ಸೆಷನ್‌ನಲ್ಲಿ ಮತ್ತೆ ಏರಿಸಲು ಆಗುವುದಿಲ್ಲ. ಉದಾಹರಣೆಗೆ, ತೆರೆದ ಫೈಲ್‌ಗಳ ಸಾಫ್ಟ್ ಮಿತಿ ಸಾಮಾನ್ಯವಾಗಿ 1024 ಇರುತ್ತದೆ. ನೆಟ್‌ವರ್ಕ್ ಸಂಪರ್ಕವನ್ನೂ ಲಿನಕ್ಸ್ ತೆರೆದ ಫೈಲ್ ಎಂದೇ ಎಣಿಸುವುದರಿಂದ ಕೆಲವು ಪ್ರೋಗ್ರಾಂಗಳಿಗೆ ಇದು ಸಾಲುವುದಿಲ್ಲ. ಹಾರ್ಡ್ ಮಿತಿ ಮೇಲಿದ್ದರೆ ಅಡ್ಮಿನ್ ಬಳಿ ಹೋಗಬೇಕಾಗಿಯೇ ಇಲ್ಲ.

ಬರೆಯುವುದು ಎಲ್ಲಿ, ಮತ್ತು ಅಲ್ಲಿನ ಕೆಲವು ಗುಂಡಿಗಳು

ಅಡ್ಮಿನ್ ಈ ಮಿತಿಗಳನ್ನು ಬರೆಯುವುದು ‘ಲಿಮಿಟ್ಸ್ ಡಾಟ್ ಕಾನ್ಫ್’ ಎಂಬ ಫೈಲ್‌ನಲ್ಲಿ. ಒಂದೊಂದು ಸಾಲಿನಲ್ಲೂ ನಾಲ್ಕು ಮಾತು: ಯಾರಿಗೆ, ಸಾಫ್ಟೋ ಹಾರ್ಡೋ, ಯಾವುದಕ್ಕೆ, ಎಷ್ಟು. ವಿದ್ಯಾರ್ಥಿಗಳ ಗುಂಪಿಗೆ, ಹಾರ್ಡ್, ಎನ್‌ಪ್ರಾಕ್, 300. ಇಷ್ಟೇ. ಒಬ್ಬೊಬ್ಬರ ಹೆಸರು ಬರೆಯಬಹುದು, ಇಡೀ ಗುಂಪಿಗೂ ಬರೆಯಬಹುದು. ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲರಿಗೂ ಎಂದರ್ಥ. ಆದರೆ ಈ ‘ಎಲ್ಲರಲ್ಲಿ’ ರೂಟ್, ಅಂದರೆ ಯಂತ್ರದ ಯಜಮಾನ ಖಾತೆ, ಸೇರುವುದಿಲ್ಲ.

ಸುಲಭವಾಗಿ ಕಂಡರೂ ಇಲ್ಲಿ ಕಾಲು ಜಾರುವ ಜಾಗಗಳಿವೆ. ಈ ಫೈಲನ್ನು ಓದುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಆಗಲೇ ಒಳಗಿರುವವರಿಗೆ ಹೊಸ ಅಂಕಿ ತಾಗುವುದಿಲ್ಲ. ಇನ್ನೊಂದು, ಯಂತ್ರ ಶುರುವಾದಾಗ ತಾನಾಗಿ ಏಳುವ ಡೇಟಾಬೇಸ್, ವೆಬ್ ಸರ್ವರ್‌ನಂಥ ಸೇವೆಗಳು ಲಾಗಿನ್ ಬಾಗಿಲಿನಿಂದ ಬರುವುದೇ ಇಲ್ಲ. ಅವುಗಳನ್ನು ಎಬ್ಬಿಸುವುದು ‘ಸಿಸ್ಟಮ್‌ಡಿ’ ಎಂಬ ತಂತ್ರಾಂಶ. ಅವುಗಳ ಮಿತಿಯನ್ನು ಅಲ್ಲೇ ಬರೆಯಬೇಕು. ಲಿಮಿಟ್ಸ್ ಫೈಲ್‌ನಲ್ಲಿ ಅಂಕಿ ಏರಿಸಿ, ಡೇಟಾಬೇಸ್ ಮಾತ್ರ ಹಳೆಯ ತಪ್ಪನ್ನೇ ತೋರಿಸುತ್ತಿದೆ ಎಂದು ಒದ್ದಾಡುವುದು ತೀರಾ ಸಾಮಾನ್ಯ.

‘ಆರ್‌ಎಸ್‌ಎಸ್’ ಎಂಬ ಇನ್ನೊಂದು ಹೆಸರೂ ಆ ಫೈಲ್‌ನಲ್ಲಿ ಕಾಣುತ್ತದೆ. ನಿಜವಾಗಿ ಬಳಸುತ್ತಿರುವ ಮೆಮೊರಿಗೆ ಮಿತಿ ಎಂದು ಅದರ ಅರ್ಥ. ಆದರೆ ಈಗಿನ ಲಿನಕ್ಸ್ ಅದನ್ನು ಜಾರಿ ಮಾಡುವುದೇ ಇಲ್ಲ. ಸುಮ್ನೆ ಬರೆದಿರುತ್ತದೆ, ಕೆಲಸ ಏನೂ ಆಗುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ಮನೆಯ ಪೈಪ್‌ಗೆ ಹಾಕುವ ಮಿತಿ

ಕಟ್ಟಡದ ಕಷ್ಟಕ್ಕೆ ನಿಜವಾದ ಪರಿಹಾರ ಯಾವುದು? ಪ್ರತಿ ಮನೆಯೊಳಗೆ ಹೋಗುವ ಮುಖ್ಯ ಪೈಪ್‌ಗೇ ವಾಲ್ವ್ ಕೂರಿಸುವುದು. ಒಳಗೆ ನಲ್ಲಿ ಒಂದಿರಲಿ, ಇಪ್ಪತ್ತಿರಲಿ, ಮನೆಗೆ ಹೋಗುವ ನೀರು ಅಷ್ಟೇ.

ಲಿನಕ್ಸ್‌ನಲ್ಲಿ ಈ ವಾಲ್ವ್‌ನ ಹೆಸರು ‘ಸಿ-ಗ್ರೂಪ್’, ಅಂದರೆ ಕಂಟ್ರೋಲ್ ಗ್ರೂಪ್. 2006ರಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ಇದರ ಕೆಲಸ ಶುರು ಮಾಡಿದರು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಇದು ಸೇರಿಕೊಂಡಿತು. ತಿದ್ದಿ ಬರೆದ ಎರಡನೇ ಆವೃತ್ತಿ 2016ರಲ್ಲಿ ಬಂತು. ಪ್ರೋಗ್ರಾಂಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ, ಈಗ ಕೇಳಿಬರುವ ಕಂಟೇನರ್, ಡಾಕರ್ ಎಂಬವು ನಿಂತಿರುವುದೂ ಇದರ ಮೇಲೆಯೇ.

ನೀವು ಲಾಗಿನ್ ಆದ ಕೂಡಲೇ ಸಿಸ್ಟಮ್‌ಡಿ ನಿಮ್ಮ ಹೆಸರಿಗೆ ಒಂದು ‘ಸ್ಲೈಸ್’ ಮಾಡುತ್ತದೆ. ಸ್ಲೈಸ್ ಎಂದರೆ ಇಲ್ಲಿ ನಿಮ್ಮ ಮನೆ. ನಿಮ್ಮ ಪ್ರೊಸೆಸ್‌ಗಳು, ಅವುಗಳ ಮರಿಗಳು, ಮರಿಗಳ ಮರಿಗಳು ಎಲ್ಲವೂ ಅದರೊಳಗೇ ಹುಟ್ಟುತ್ತವೆ. ಎಣಿಕೆ ನಡೆಯುವುದು ಈ ಒಟ್ಟು ಲೆಕ್ಕಕ್ಕೆ. ಆದ್ದರಿಂದ ‘ಒಬ್ಬರಿಗೆ 8 ಜಿಬಿ’ ಎಂದು ನಿಜವಾಗಿ ಹೇಳಲು ಆಗುವುದು ಇಲ್ಲಿ ಮಾತ್ರ.

ಮೆಮೊರಿಗೆ ಇಲ್ಲಿ ಎರಡು ಹಂತಗಳಿವೆ. ‘ಮೆಮೊರಿ ಹೈ’ ದಾಟಿದರೆ ಲಿನಕ್ಸ್ ನಿಮ್ಮ ಪ್ರೋಗ್ರಾಂಗಳ ವೇಗ ತಗ್ಗಿಸಿ, ಬಿಡಬಹುದಾದ ಮೆಮೊರಿಯನ್ನು ವಾಪಸ್ ಪಡೆಯಲು ನೋಡುತ್ತದೆ. ಕೊಲ್ಲುವುದಿಲ್ಲ. ‘ಮೆಮೊರಿ ಮ್ಯಾಕ್ಸ್’ ಕೊನೆಯ ಗೋಡೆ. ಅಲ್ಲಿ ಮುಟ್ಟಿಯೂ ಏನೂ ಬಿಡಿಸಲಾಗದಿದ್ದರೆ ನಿಮ್ಮದೇ ಸ್ಲೈಸ್‌ನ ಯಾವುದೋ ಪ್ರೊಸೆಸ್ ಹೋಗುತ್ತದೆ. ‘ನಿಮ್ಮದೇ’ ಎಂಬುದನ್ನು ಗಮನಿಸಿ. ಪಕ್ಕದವರ ಮೂರು ದಿನದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಇಷ್ಟು ವರ್ಷ ಇಲ್ಲದಿದ್ದ ನ್ಯಾಯ ಇದು.

ಪ್ರೊಸೆಸರ್‌ಗೂ ಎರಡು ದಾರಿ. ‘ಸಿಪಿಯು ಕೋಟಾ’ ಎಂದರೆ ಕಟ್ಟುನಿಟ್ಟಿನ ತಡೆ. 200 ಪ್ರತಿಶತ ಎಂದರೆ ಎರಡು ಕೋರ್‌ನಷ್ಟು (ಕೋರ್ ಎಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದು ಘಟಕ) ಸಮಯ, ಅದಕ್ಕಿಂತ ಜಾಸ್ತಿ ಇಲ್ಲ. ರಾತ್ರಿ ಎರಡು ಗಂಟೆಗೆ ಯಂತ್ರದಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಇಲ್ಲ! ‘ಸಿಪಿಯು ವೇಟ್’ ಹಾಗಲ್ಲ. ಅದು ಪಾಲಿನ ತೂಕ. ಎಲ್ಲರಿಗೂ ಮೊದಲಿಗೆ 100 ಇರುತ್ತದೆ. ನೂಕುನುಗ್ಗಲು ಇದ್ದಾಗ ತೂಕದ ಪ್ರಕಾರ ಹಂಚಿಕೆ, ಯಾರೂ ಇಲ್ಲದಾಗ ಪೂರ್ತಿ ನಿಮಗೇ. ಪ್ರೊಸೆಸರ್ ಸಮಯ ಹರಿದುಹೋಗುವ ವಸ್ತು ಎಂದೆವಲ್ಲ, ಅದಕ್ಕೆ ತೂಕವೇ ಸರಿಯಾದ ಅಳತೆ. ಬೇರೆ ಕಾರಣ ಇಲ್ಲದಿದ್ದರೆ ಕೋಟಾ ಹಾಕಿ ಆ ಸಮಯವನ್ನು ಹಾಳುಮಾಡುವುದರಲ್ಲಿ ಅರ್ಥವಿಲ್ಲ.

ಡಿಸ್ಕ್ ಕೋಟಾ: ಏಳು ದಿನದ ಗಡುವು

ಡಿಸ್ಕ್‌ಗೆ ಇವೆರಡೂ ಅಲ್ಲದ ಬೇರೆಯದೇ ವ್ಯವಸ್ಥೆ ಇದೆ. ಇಲ್ಲೂ ಸಾಫ್ಟ್, ಹಾರ್ಡ್ ಎಂಬ ಹೆಸರುಗಳಿವೆ, ಆದರೆ ಅರ್ಥ ಬೇರೆ. ಸಾಫ್ಟ್ ಮಿತಿ ದಾಟಬಹುದು. ದಾಟಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಗಡುವು ಸಾಮಾನ್ಯವಾಗಿ 7 ದಿನ. ಅಷ್ಟರಲ್ಲಿ ಅಳಿಸಿ ಕೆಳಗಿಳಿದರೆ ಸರಿ. ಇಲ್ಲದಿದ್ದರೆ ಆಮೇಲೆ ಹೊಸದಾಗಿ ಏನೂ ಬರೆಯಲು ಬಿಡುವುದಿಲ್ಲ. ಹಾರ್ಡ್ ಮಿತಿಯನ್ನಂತೂ ಒಂದು ಕ್ಷಣವೂ ದಾಟುವಂತಿಲ್ಲ.

ಎಣಿಕೆ ನಡೆಯುವುದು ಫೈಲ್‌ನ ಒಡೆಯರ ಹೆಸರಿಗೆ. ಅದು ಯಾವ ಫೋಲ್ಡರ್‌ನಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ನಿಮ್ಮ ಹೆಸರಿನ ಫೈಲ್ ಅದೇ ಡಿಸ್ಕ್‌ನಲ್ಲಿ ಸ್ನೇಹಿತರ ಫೋಲ್ಡರ್‌ನಲ್ಲಿದ್ದರೂ ಲೆಕ್ಕ ನಿಮ್ಮದೇ. ‘ನನ್ನ ಫೋಲ್ಡರ್ ಖಾಲಿ ಇದೆ, ಆದರೂ ಕೋಟಾ ತುಂಬಿದೆ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನು. ಜೊತೆಗೆ ಫೈಲ್‌ಗಳ ಸಂಖ್ಯೆಗೂ ಪ್ರತ್ಯೇಕ ಮಿತಿ ಇರಬಹುದು. ಲಕ್ಷಗಟ್ಟಲೆ ಪುಟ್ಟ ಫೈಲ್‌ಗಳಿದ್ದರೆ, ಒಟ್ಟು ಗಾತ್ರ ಕಡಿಮೆ ಇದ್ದರೂ ಮಿತಿ ಮುಗಿದುಹೋಗುತ್ತದೆ.

ಅಂಕಿ ಎಷ್ಟಿರಬೇಕು?

ಒಂದು ಸರ್ವರ್‌ನಲ್ಲಿ 64 ಜಿಬಿ ಮೆಮೊರಿ, 40 ಅಕೌಂಟ್ ಇವೆ ಎಂದುಕೊಳ್ಳೋಣ. ಸಮನಾಗಿ ಹಂಚಿದರೆ ತಲಾ 1.6 ಜಿಬಿ. ನ್ಯಾಯವಾಗಿಯೇ ಕಾಣುತ್ತದೆ, ಆದರೆ ಯಾರಿಗೂ ಸಾಲುವುದಿಲ್ಲ. ಒಂದು ಹೊತ್ತಿಗೆ ಐದಾರು ಜನ ಮಾತ್ರ ಇದ್ದರೆ ಯಂತ್ರದ ಬಹುಪಾಲು ಮೆಮೊರಿ ಖಾಲಿಯೇ ಬಿದ್ದಿರುತ್ತದೆ.

ಅದಕ್ಕೆ ಅಡ್ಮಿನ್ ಮೊದಲು ಕೆಲವು ವಾರ ಗಮನಿಸಬೇಕು. ಒಟ್ಟಿಗೆ ಎಷ್ಟು ಜನ ಬರುತ್ತಾರೆ? ಮಾಮೂಲಿ ಕೆಲಸಕ್ಕೆ ಎಷ್ಟು ಬೇಕು? ಆಮೇಲೆ ಒಬ್ಬರಿಗೆ ‘ಹೈ’ 8 ಜಿಬಿ, ‘ಮ್ಯಾಕ್ಸ್’ 10 ಜಿಬಿ ಎಂದು ಇಡಬಹುದು. 40 ಜನಕ್ಕೆ 10ರಂತೆ ಕೂಡಿದರೆ 400 ಜಿಬಿ. ಇರುವುದು 64! ಆದರೂ ಇದು ತಪ್ಪಲ್ಲ, ಎಲ್ಲರೂ ಒಟ್ಟಿಗೆ ಬರುವುದಿಲ್ಲ ಎಂಬ ಅಂದಾಜಿನ ಮೇಲೆ ನಿಂತ ಲೆಕ್ಕ. ಅಂದಾಜು ತಪ್ಪಿದ ದಿನಕ್ಕೆ ಇನ್ನೊಂದು ಮಿತಿ ಬೇಕು. ಎಲ್ಲ ಬಳಕೆದಾರರ ಸ್ಲೈಸ್‌ಗಳನ್ನೂ ಒಳಗಿಟ್ಟುಕೊಂಡ ಒಂದು ದೊಡ್ಡ ಸ್ಲೈಸ್ ಇರುತ್ತದೆ. ಅದಕ್ಕೆ 58 ಜಿಬಿ ಎಂದು ಗೆರೆ ಹಾಕಿದರೆ ಉಳಿದ 6 ಜಿಬಿ ಯಂತ್ರದ ಸ್ವಂತ ಕೆಲಸಕ್ಕೆ ಸಿಗುತ್ತದೆ. ಗದ್ದಲದಲ್ಲೂ ಅಡ್ಮಿನ್ ಒಳಗೆ ಬರುವುದು ಸುಲಭವಾಗುತ್ತದೆ.

ಗದ್ದಲವೇ ದಿನದ ಮಾತಾದರೆ ಮಿತಿಗಳಿಂದ ಬಗೆಹರಿಯುವುದಿಲ್ಲ. ಆಗ ಸರದಿ ಪದ್ಧತಿ ಬೇಕು. ‘ಸ್ಲರ್ಮ್’ನಂಥ ತಂತ್ರಾಂಶದಲ್ಲಿ ‘ನನಗೆ 30 ಜಿಬಿ, 5 ಗಂಟೆ ಬೇಕು’ ಎಂದು ಹೇಳಿ ಸಾಲಿನಲ್ಲಿ ನಿಲ್ಲುತ್ತೀರಿ. ಸರದಿ ಬಂದಾಗ ಅಷ್ಟನ್ನೂ ನಿಮ್ಮ ಹೆಸರಿಗೆ ಕಾದಿರಿಸಿ ಕೊಡುತ್ತದೆ.

ಪರದೆಯ ಮೇಲಿನ ಮಾತು ಓದುವುದು

‘ಟೂ ಮೆನಿ ಓಪನ್ ಫೈಲ್ಸ್’ ಬಂದರೆ ಎಣಿಕೆ ಒಂದು ಪ್ರೊಸೆಸ್‌ನದ್ದು. ಅದು ಫೈಲ್ ತೆರೆದು ಮುಚ್ಚದೇ ಬಿಡುತ್ತಿದೆಯೇ ನೋಡಿ. ಇಲ್ಲದಿದ್ದರೆ ಸಾಫ್ಟ್ ಮಿತಿ ಏರಿಸಿ. ಹೊಸ ಪ್ರೋಗ್ರಾಂ ಶುರು ಮಾಡುವಾಗ ‘ರಿಸೋರ್ಸ್ ಟೆಂಪೊರರಿಲಿ ಅನವೈಲಬಲ್’ ಬಂದರೆ ಸಾಮಾನ್ಯವಾಗಿ ನಿಮ್ಮ ಅಕೌಂಟ್‌ನ ಪ್ರೊಸೆಸ್ ಸಂಖ್ಯೆ ಮುಗಿದಿದೆ. ಹಿಂದೆ ಬಿಟ್ಟು ಮರೆತ ಪ್ರೋಗ್ರಾಂಗಳನ್ನು ಹುಡುಕಿ ನಿಲ್ಲಿಸಿ. ‘ಸಿಪಿಯು ಟೈಮ್ ಲಿಮಿಟ್ ಎಕ್ಸೀಡೆಡ್’ ಬಂದರೆ ಅದು ಗೋಡೆ ಗಡಿಯಾರದ ಸಮಯವಲ್ಲ, ಪ್ರೊಸೆಸರ್ ನಿಜವಾಗಿ ದುಡಿದ ಸಮಯ. ನಾಲ್ಕು ಕೋರ್ ಒಂದು ನಿಮಿಷ ದುಡಿದರೆ ನಾಲ್ಕು ನಿಮಿಷ ಎಂದು ಲೆಕ್ಕ.

ಬೆಳಿಗ್ಗೆ ಕಂಡ ಆ ‘ಕಿಲ್ಡ್’ಗೆ ಬರೋಣ. ಅಡ್ಮಿನ್‌ಗೆ ಬರೆಯುವಾಗ ಪ್ರೋಗ್ರಾಂನ ಹೆಸರು, ಓಡಲು ಬಿಟ್ಟ ಸಮಯ, ಅದಕ್ಕೆ ಅಂದಾಜು ಎಷ್ಟು ಮೆಮೊರಿ ಬೇಕು ಎಂಬುದನ್ನು ಹೇಳಿ. ನಿಂತದ್ದು ನಿಮ್ಮ ಸ್ಲೈಸ್‌ನ ಮಿತಿಯಿಂದಲೋ, ಇಡೀ ಯಂತ್ರದ ಮೆಮೊರಿ ಮುಗಿದಿದ್ದರಿಂದಲೋ ಎಂದು ಕೇಳಿ. ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಲಾಗ್‌ನಲ್ಲಿ ಅದು ದಾಖಲಾಗಿರುತ್ತದೆ. ಮೊದಲನೆಯದಾದರೆ ನಿಮ್ಮ ಮಿತಿಯನ್ನು ಸ್ವಲ್ಪ ಏರಿಸಬೇಕು, ಇಲ್ಲವೇ ಲೆಕ್ಕವನ್ನು ತುಂಡು ಮಾಡಿ ಓಡಿಸಬೇಕು. ಎರಡನೆಯದಾದರೆ ಬೇರೆಯವರಿಗೆ ಮಿತಿ ಇಲ್ಲದಿರುವುದೇ ನಿಮ್ಮ ಕಷ್ಟದ ಮೂಲ ಇರಬಹುದು.

ಅವರು ಮಿತಿ ಏರಿಸಿದೆ ಎಂದು ಉತ್ತರ ಬರೆದ ಮೇಲೆ, ಏರಿಸಿದ್ದು ಯಾವುದನ್ನು ಎಂದು ನೋಡಿ. ಸ್ಲೈಸ್‌ನ ಮಿತಿ ಓಡುತ್ತಿರುವಾಗಲೇ ಬದಲಾಗಬಲ್ಲದು, ಕೂಡಲೇ ಮತ್ತೆ ಶುರು ಮಾಡಬಹುದು. ಲಿಮಿಟ್ಸ್ ಫೈಲ್‌ನಲ್ಲಿ ಬದಲಿಸಿದ್ದರೆ ಲಾಗ್ ಔಟ್ ಆಗಿ ಮತ್ತೆ ಬರಬೇಕು. ‘ಟಿಮಕ್ಸ್’ ಅಥವಾ ‘ಸ್ಕ್ರೀನ್’ನಲ್ಲಿ ಹಳೆಯ ಸೆಷನ್ ಜೀವಂತ ಇಟ್ಟಿದ್ದರೆ ಅದನ್ನೂ ಮುಚ್ಚಿ ಹೊಸದಾಗಿ ತೆರೆಯಿರಿ. ಅದರೊಳಗೆ ಹುಟ್ಟುವ ಪ್ರೊಸೆಸ್‌ಗಳೆಲ್ಲ ಇನ್ನೂ ಹಳೆಯ ಅಂಕಿಯನ್ನೇ ಹೊತ್ತುಕೊಂಡು ಬರುತ್ತವೆ.